‘ಚ’ ಬಂದರೆ ಕಾಗದ ಮುಗಿಯುತ್ತಿತ್ತು

ಮೇ ತಿಂಗಳ ಕೊನೆಯಲ್ಲಿ ಮೇಷ್ಟ್ರ ಮನೆಯ ಅಟ್ಟ ಗುಡಿಸುವಾಗ ಎರಡು ಟಿಎನ್‌ಸಿ ಸಿಕ್ಕವು. ಒಂದೇ ಸಲ ತಂದದ್ದು, ಒಂದೇ ಗೋಣಿಚೀಲದಲ್ಲಿ ಸುತ್ತಿಟ್ಟದ್ದು. ಒಂದರೊಳಗೆ ಜೇಡ ಸಂಸಾರ ಹೂಡಿತ್ತು.

“ಒಂದು ನೀನು ತಗೊಂಡು ಹೋಗು ಮಾರಾಯ. ಎರಡೂ ನನ್ನ ಹತ್ರಾನೇ ಇದ್ರೆ ನಾನು ಯಾರ ಜೊತೆ ಮಾತಾಡ್ಲಿ?” ಅಂದರು ಮೇಷ್ಟ್ರು. ಅವರು ನಿವೃತ್ತ ಕನ್ನಡ ಮೇಷ್ಟ್ರು. ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೋ ಪರವಾನಗಿಯಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರು. ನಾನಿರುವುದು ತೀರ್ಥಹಳ್ಳಿಯ ಆಚೆ, ಅವರು ಕೊಪ್ಪದ ಕಡೆ. ನಕ್ಷೆಯಲ್ಲಿ ಗೆರೆ ಎಳೆದರೆ 18 ಕಿಲೋಮೀಟರ್. ನಡುವೆ ಒಂದು ಗುಡ್ಡ ಇದ್ದರೂ ಅವರ ಮನೆ ಏರಿನಲ್ಲಿರುವುದರಿಂದ ಎರಡು ಮೀಟರ್ ಬ್ಯಾಂಡಿನಲ್ಲಿ ನಮ್ಮಿಬ್ಬರ ಮಾತು ಸ್ವಚ್ಛವಾಗಿಯೇ ಕೇಳುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಟಿಎನ್‌ಸಿ ಅಂದರೆ ಕಂಪ್ಯೂಟರಿಗೂ ರೇಡಿಯೋಗೂ ನಡುವೆ ಕೂರುವ ಡಬ್ಬಿ. ನಾವು ಟೈಪಿಸಿದ್ದನ್ನು ತುಂಡು ತುಂಡಾಗಿ ಕಟ್ಟಿ, ಪ್ರತಿ ತುಂಡಿಗೂ ಕಳಿಸಿದವರ ಮತ್ತು ಪಡೆಯುವವರ ಕರೆಸಂಕೇತ ಅಂಟಿಸಿ, 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರವಾಗಿ ರೇಡಿಯೋಗೆ ಊದುತ್ತದೆ. ಈ ತುಂಡೇ ಪ್ಯಾಕೆಟ್. ಕಟ್ಟುವ ಕ್ರಮದ ಹೆಸರು ಎಎಕ್ಸ್.25. ಅಮೆರಿಕದ ಹ್ಯಾಮ್‌ಗಳ ಸಂಘ ಎಆರ್‌ಆರ್‌ಎಲ್ ಅದರ 2.0 ಆವೃತ್ತಿಯನ್ನು 1984ರಲ್ಲಿ ಅಚ್ಚು ಹಾಕಿತು. ಮರುವರ್ಷ ಅರಿಜೋನಾದ ಟೂಸಾನ್ ಊರಿನ ಹವ್ಯಾಸಿಗಳ ಸಂಘ ಟೇಪರ್ ‘ಟಿಎನ್‌ಸಿ-2’ ಎಂಬ ವಿನ್ಯಾಸ ಹೊರತಂದಿತು. ಒಳಗೊಂದು ಝಡ್80 ಪ್ರೊಸೆಸರ್, ಕಾರ್ಯಕ್ರಮ ಕೂತಿರುವ 32 ಕಿಲೋಬೈಟಿನ ಇಪ್ರಾಮ್ ಚಿಪ್, ಬ್ಯಾಟರಿ ಆಸರೆಯ ರ‍್ಯಾಮ್. ಆಮೇಲೆ ಹತ್ತಾರು ಕಂಪನಿಗಳು ಅದನ್ನೇ ನಕಲು ಮಾಡಿದವು. ನಮ್ಮವೂ ಅಂಥ ನಕಲುಗಳೇ.

ಡಬ್ಬಿಯ ರ‍್ಯಾಮ್‌ನಲ್ಲಿ ಸ್ವಲ್ಪ ಜಾಗವನ್ನು ಅಂಚೆಪೆಟ್ಟಿಗೆಗೆ ಬಿಟ್ಟುಕೊಟ್ಟರೆ ನಾನು ತೋಟದಲ್ಲಿರುವಾಗಲೂ ಯಾರಾದರೂ ಕಾಗದ ಹಾಕಿಹೋಗಬಹುದು. ಕಂಪ್ಯೂಟರ್ ಆನ್ ಇರಬೇಕೆಂದಿಲ್ಲ; ಡಬ್ಬಿ ಮತ್ತು ರೇಡಿಯೋಗೆ ಕರೆಂಟಿದ್ದರೆ ಸಾಕು. 1990ರ ದಶಕದಲ್ಲಿ ಮಿರ್ ಬಾಹ್ಯಾಕಾಶ ನಿಲ್ದಾಣದಲ್ಲೂ ಇಂಥದೇ ಪೆಟ್ಟಿಗೆಯಿತ್ತು, ಕೆಳಗಿದ್ದ ಹ್ಯಾಮ್‌ಗಳು ಅದು ತಲೆ ಮೇಲೆ ಹಾದುಹೋಗುವ ಕೆಲವೇ ನಿಮಿಷದಲ್ಲಿ ಕಾಗದ ಹಾಕುತ್ತಿದ್ದರು. ನಮ್ಮ ಮಳೆಗಾಲದಲ್ಲಿ ಮೊಬೈಲ್ ಟವರಿನ ಬ್ಯಾಟರಿ ಎರಡನೇ ದಿನಕ್ಕೆ ಮಲಗಿಬಿಡುತ್ತದೆ, ಆಗ ಇದು ಕೆಲಸಕ್ಕೆ ಬರುತ್ತದೆ ಎಂದು ಹೆಂಡತಿಗೆ ಹೇಳಿದೆ. ಅದು ಅರ್ಧ ಸತ್ಯ. ಸೋಲ್ಡರಿಂಗ್ ಐರನ್ ಕೈಗೆತ್ತಿಕೊಂಡು ವರ್ಷವಾಗಿತ್ತು ಅನ್ನುವುದು ಉಳಿದರ್ಧ.

ಮೊದಲ ಸಲ 12 ವೋಲ್ಟ್ ಕೊಟ್ಟಾಗ ಡಬ್ಬಿ ಬದುಕಿತ್ತು. ಹಿಂಬದಿಯ ಡಿಪ್ ಸ್ವಿಚ್‌ಗಳಲ್ಲಿ ಮೊದಲ ಐದು ಕಂಪ್ಯೂಟರ್ ಕಡೆಯ ವೇಗಕ್ಕೆ, ಉಳಿದ ಮೂರು ರೇಡಿಯೋ ಕಡೆಯ ವೇಗಕ್ಕೆ. ಪ್ರತಿ ಗುಂಪಿನಲ್ಲಿ ಒಂದು ಮಾತ್ರ ಆನ್ ಇರಬೇಕು. 9600 ಮತ್ತು 1200 ಇಟ್ಟೆ. ಪರದೆಯ ಮೇಲೆ ಟೇಪರ್ ಹೆಸರು, ಆವೃತ್ತಿ, ಕೊನೆಗೆ ‘ಬಿಬಿರ‍್ಯಾಮ್ ಲೋಡೆಡ್ ವಿತ್ ಡೀಫಾಲ್ಟ್ಸ್’ ಎಂಬ ಸಾಲು. ಬ್ಯಾಟರಿ ಆಸರೆಯ ನೆನಪು ಅಳಿಸಿಹೋಗಿದೆ, ಹುಟ್ಟಿದಾಗ ಇದ್ದ ಬೆಲೆಗಳನ್ನೇ ಹಾಕಿಕೊಂಡಿದ್ದೇನೆ ಎಂದು ಅದರರ್ಥ. ಈ ಸಾಲನ್ನು ಆಗ ನಾನು ಬರೀ ಬ್ಯಾಟರಿಯ ಸುದ್ದಿ ಎಂದು ಓದಿದೆ. ಮುಂದಿನ ಮೂರು ವಾರದ ತಾಪತ್ರಯವೆಲ್ಲ ಇದೊಂದೇ ಸಾಲಿನಲ್ಲಿತ್ತು.

ಮುಚ್ಚಳ ತೆಗೆದೆ. ಬೋರ್ಡಿಗೆ ಬೆಸೆದ ಲೀಥಿಯಂ ಸೆಲ್ 0.4 ವೋಲ್ಟ್ ತೋರಿಸಿತು. ಅಷ್ಟು ವರ್ಷ ಅಟ್ಟದಲ್ಲಿದ್ದದ್ದು, ಸಾಯದೆ ಇನ್ನೇನು. ಈ ಬಗೆಯ ರ‍್ಯಾಮ್ ಚಿಪ್ ನೆನಪು ಉಳಿಸಿಕೊಳ್ಳಲು ಕನಿಷ್ಠ 2 ವೋಲ್ಟ್ ಬೇಕು. ಹಳೆಯದನ್ನು ಕಿತ್ತು, ಅದೇ ಜಾಗಕ್ಕೆ ಎರಡು ತಂತಿ ಎಳೆದು, ಸಿಆರ್2032 ಸೆಲ್ಲಿನ ಗೂಡೊಂದನ್ನು ಗೋಡೆಗೆ ಅಂಟಿಸಿದೆ. ಸೆಲ್ಲಿನ ಮೈಗೇ ಬೆಸುಗೆ ಹಾಕಬೇಡಿ; ಬಿಸಿಗೆ ಅದು ಅಲ್ಲೇ ಹಾಳಾಗುತ್ತದೆ, ಸಿಡಿಯಲೂಬಹುದು. ಇನ್ನೊಂದು: ಡಬ್ಬಿಗೆ ಕರೆಂಟಿರುವಾಗ ಆ ಕರೆಂಟು ಸೆಲ್ಲಿನೊಳಗೆ ನುಗ್ಗದಂತೆ ತಡೆಯುವ ಡಯೋಡ್ ಚೆನ್ನಾಗಿದೆಯೇ ನೋಡಿಕೊಳ್ಳಬೇಕು, ಯಾಕೆಂದರೆ ಇದು ಚಾರ್ಜ್ ಮಾಡುವ ಸೆಲ್ ಅಲ್ಲ. ನನ್ನದು ಚೆನ್ನಾಗಿತ್ತು.

ಸೆಲ್ ಎಷ್ಟು ದಿನ ಬಾಳುತ್ತದೆ ಎಂಬ ಕುತೂಹಲ. ಡಬ್ಬಿ ಆಫ್ ಮಾಡಿ, ಸೆಲ್ಲಿನ ದಾರಿಯಲ್ಲಿ ಒಂದು ಕಿಲೋಓಮ್ ರೆಸಿಸ್ಟರ್ ಇಟ್ಟು ಅದರ ಮೇಲಿನ ವೋಲ್ಟೇಜ್ ಅಳೆದೆ: 5 ಮಿಲಿವೋಲ್ಟ್, ಅಂದರೆ 5 ಮೈಕ್ರೋಆಂಪ್. ಸೆಲ್ಲಿನ ತಾಕತ್ತು ಸುಮಾರು 220 ಮಿಲಿಆಂಪ್‌ಗಂಟೆ. ಭಾಗಿಸಿದರೆ 44,000 ಗಂಟೆ, ಐದು ವರ್ಷ. ಅದೂ ಡಬ್ಬಿ ಪೂರ್ತಿ ಆಫ್ ಇದ್ದರೆ.

ರೇಡಿಯೋ ತಂತಿಯ ಕತೆ ಹೇಳಲು ನಾಚಿಕೆ. ಟಿಎನ್‌ಸಿ-2ರ ರೇಡಿಯೋ ಕಡೆಗೆ ಐದು ಪಿನ್ನಿನ ಡಿನ್ ಪ್ಲಗ್: 1 ಮೈಕ್, 2 ಗ್ರೌಂಡ್, 3 ಪಿಟಿಟಿ (ರೇಡಿಯೋವನ್ನು ಪ್ರಸಾರಕ್ಕಿಳಿಸುವ ಗುಂಡಿ), 4 ಸ್ಪೀಕರಿನಿಂದ ಬರುವ ಧ್ವನಿ, 5 ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಭೋರ್ಗರೆತ ಮುಚ್ಚುವ ಬಾಗಿಲು). ಎಡದಿಂದ ಬಲಕ್ಕೆ ಒಂದು, ಎರಡು, ಮೂರು ಎಂದು ಎಣಿಸಿ ಬೆಸೆದೆ. ಆದರೆ ಡಿನ್ ಪ್ಲಗ್ಗಿನಲ್ಲಿ ಪಿನ್ನುಗಳು ಕೂತಿರುವ ಸಾಲು 1, 4, 2, 5, 3. ನನ್ನ ಗ್ರೌಂಡ್ ತಂತಿ ಸ್ಪೀಕರ್ ಪಿನ್ನಿನಲ್ಲಿ, ಪಿಟಿಟಿ ತಂತಿ ಗ್ರೌಂಡಿನಲ್ಲಿ. ಪ್ಲಗ್ ಚುಚ್ಚಿದ ಕೂಡಲೇ ರೇಡಿಯೋ ಪ್ರಸಾರಕ್ಕೆ ಇಳಿದು ಕೂತೇಬಿಟ್ಟಿತು. ಪುಣ್ಯಕ್ಕೆ ಆಂಟೆನಾದ ಬದಲು ಶಕ್ತಿಯನ್ನು ನುಂಗಿಕೊಳ್ಳುವ ಡಮ್ಮಿ ಲೋಡ್ ಹಾಕಿದ್ದೆ. ಪ್ಲಗ್ಗಿನ ಪ್ಲಾಸ್ಟಿಕ್ ಮೇಲೆ ಸೂಜಿಮೊನೆಯಷ್ಟು ಚಿಕ್ಕದಾಗಿ ಅಂಕಿ ಕೊರೆದಿರುತ್ತಾರೆ. ಓದಲು ಭೂತಗನ್ನಡಿ ಬೇಕು, ಓದದಿದ್ದರೆ ಒಂದು ಸಂಜೆ ಹೋಗುತ್ತದೆ.

ಧ್ವನಿಯ ಮಟ್ಟ ಹೊಂದಿಸುವುದೇ ಪ್ಯಾಕೆಟ್‌ನಲ್ಲಿ ಕೈಚಳಕದ ಕೆಲಸ. ಕ್ಯಾಲಿಬ್ರ ಎಂಬ ಆಜ್ಞೆ ಕೊಟ್ಟರೆ ಡಬ್ಬಿ ಎಡೆಬಿಡದೆ ಸ್ವರ ಊದುತ್ತದೆ, ಆಗ ಒಳಗಿನ ಪ್ರಿಸೆಟ್ ತಿರುಗಿಸಿ ಹೊಂದಿಸಬೇಕು. ನಾನು ‘ಜೋರಾಗಿ ಕೇಳಿದರೆ ಒಳ್ಳೇದು’ ಎಂದು ತಿರುಗಿಸಿದೆ. ಎಫ್ಎಂನಲ್ಲಿ ಜೋರು ಅಂದರೆ ಅಗಲ. ಅತಿ ಅಗಲವಾದರೆ ಆಚೆಯ ರಿಸೀವರಿನ ಫಿಲ್ಟರ್ ಅಂಚು ಕತ್ತರಿಸಿ ಸ್ವರ ಒಡೆಯುತ್ತದೆ. ಮೇಷ್ಟ್ರ ಡಬ್ಬಿ ನನ್ನ ಪ್ಯಾಕೆಟ್ಟಿಗೆ ಉತ್ತರವನ್ನೇ ಕೊಡಲಿಲ್ಲ. ಈ ಅಗಲಕ್ಕೆ ಡೀವಿಯೇಷನ್ ಎನ್ನುತ್ತಾರೆ, ಅದು ಸುಮಾರು 3 ಕಿಲೋಹರ್ಟ್ಸ್ ಇರಬೇಕು. ಅಳೆಯುವ ಉಪಕರಣ ಇಲ್ಲದವರಿಗೆ ಹಳೆಯ ಉಪಾಯವೊಂದಿದೆ: ಇನ್ನೊಂದು ರೇಡಿಯೋದಲ್ಲಿ ಕೇಳುತ್ತಾ ಪ್ರಿಸೆಟ್ ಇಳಿಸಿ, ಸದ್ದು ಕಡಿಮೆಯಾಗತೊಡಗಿದ ಜಾಗದಿಂದ ಇನ್ನೂ ಸ್ವಲ್ಪ ಕೆಳಗೆ ನಿಲ್ಲಿಸಿ. ಇಳಿಸಿದೆ, ಮೊದಲ ಕರೆಗೇ ಉತ್ತರ ಬಂತು.

ಸ್ಕ್ವೆಲ್ಚ್ ತೆರೆದಿಟ್ಟರೆ ಇನ್ನೊಂದು ತಮಾಷೆ. ಬರೀ ಭೋರ್ಗರೆತವನ್ನೇ ಡಬ್ಬಿ ಯಾರದೋ ಪ್ರಸಾರ ಎಂದು ತಿಳಿದು, ದಾರಿ ಬಿಡುವವರೆಗೆ ಕಾಯುತ್ತಾ ಕೂರುತ್ತದೆ. ಸಭ್ಯತೆ ಜಾಸ್ತಿ. ಮುಚ್ಚಿದೆ. ನನ್ನ ಹಳೇ ಮೊಬೈಲ್ ಸೆಟ್‌ನ ರಿಲೇ ನಿಧಾನ, ಅದಕ್ಕೆ ಪ್ರಸಾರ ಶುರುವಾಗಿ ಪ್ಯಾಕೆಟ್ ಹೊರಡುವ ಮುನ್ನ ಕಾಯುವ ಹೊತ್ತಾದ ಟಿಎಕ್ಸ್‌ಡಿಲೇಯನ್ನು 30ರಿಂದ 40ಕ್ಕೆ ಏರಿಸಿದೆ. ಲೆಕ್ಕ ಹತ್ತು ಮಿಲಿಸೆಕೆಂಡಿನಲ್ಲಿ, ಅಂದರೆ 400 ಮಿಲಿಸೆಕೆಂಡ್. ಆಂಟೆನಾ ಕಾಲು ಅಲೆಯ ಗ್ರೌಂಡ್ ಪ್ಲೇನ್, ನಡುವಿನ ಕಡ್ಡಿ 49 ಸೆಂಟಿಮೀಟರ್, ಹೆಂಚಿನ ಮೇಲೆ ಅಡಿಕೆ ದಬ್ಬೆಗೆ ಕಟ್ಟಿದ್ದು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಪೆಟ್ಟಿಗೆ ತೆರೆಯುವ ಆಜ್ಞೆ ಒಂದೊಂದು ಕಂಪನಿಯದು ಒಂದೊಂದು ಥರ. ಕ್ಯಾಂಟ್ರೋನಿಕ್ಸ್‌ನವರು ಪಿಬಿಬಿಎಸ್ ಅಂದರು, ಎಇಎ ಕಂಪನಿ ಮೇಲ್‌ಡ್ರಾಪ್ ಅಂದಿತು. ಕೆಲಸ ಎಲ್ಲದರಲ್ಲೂ ಒಂದೇ. ನನ್ನ ಕರೆಸಂಕೇತಕ್ಕೆ ‘-1’ ಬಾಲ ಹಚ್ಚಿ ಪೆಟ್ಟಿಗೆಗೆ ಕೊಟ್ಟೆ. 0ರಿಂದ 15ರವರೆಗೆ ಹೀಗೆ ಹದಿನಾರು ಬಾಲ ಹಚ್ಚಬಹುದು, ಹಾಗಾಗಿ ಒಂದೇ ಕರೆಸಂಕೇತದಲ್ಲಿ ನಾನು ಬೇರೆ, ನನ್ನ ಪೆಟ್ಟಿಗೆ ಬೇರೆ. ಬಂದವರು ಎಲ್ ಒತ್ತಿದರೆ ಪಟ್ಟಿ, ಆರ್ ಮತ್ತು ಸಂಖ್ಯೆ ಒತ್ತಿದರೆ ಓದು, ಎಸ್ ಒತ್ತಿದರೆ ಬರೆ, ಕೆ ಒತ್ತಿದರೆ ಅಳಿಸು, ಬಿ ಒತ್ತಿದರೆ ಹೊರಡು. ಬರೆದದ್ದು ಮುಗಿಯಿತು ಎನ್ನಲು ಕಂಟ್ರೋಲ್-ಝಡ್. ನನ್ನ ಪೆಟ್ಟಿಗೆಯಲ್ಲಿ ಈ ಗುರುತು ಸಾಲಿನ ಯಾವ ಮೂಲೆಯಲ್ಲಿ ಬಂದರೂ ಕಾಗದ ಮುಗಿದಂತೆ. ಗುಟ್ಟು ಮಾತ್ರ ಇದರಲ್ಲಿ ಇಲ್ಲ. ದಾರಿಯಲ್ಲಿ ಯಾರು ಬೇಕಾದರೂ ಓದಬಹುದಾದ ಅಂಚೆ ಕಾರ್ಡು ಇದು, ಹ್ಯಾಮ್‌ಗಳು ಸಂಕೇತ ಭಾಷೆಯಲ್ಲಿ ಮುಚ್ಚಿಟ್ಟು ಕಳಿಸುವಂತೆಯೂ ಇಲ್ಲ. ಮನೆಯಲ್ಲಿ ಯಾರೂ ಇಲ್ಲದ ದಿನ ರೇಡಿಯೋ ಆಫ್ ಮಾಡಿಯೇ ಹೋಗುತ್ತೇನೆ. ಉತ್ತರ ಕೊಡುವುದು ಡಬ್ಬಿಯಾದರೂ ಪರವಾನಗಿ ನನ್ನ ಹೆಸರಲ್ಲಿದೆ.

ಮೊದಲ ವಾರ ಇಬ್ಬರೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಂಡೆವು. ಒಂದು ಕಾಗದವೂ ಕೆಡಲಿಲ್ಲ. ಎಂಟನೇ ದಿನ ಮೇಷ್ಟ್ರು ರೇಡಿಯೋದಲ್ಲಿ ಕರೆದು ಹೇಳಿದರು: “ಮೂವತ್ತು ವರ್ಷ ಮಕ್ಕಳಿಗೆ ಕಾಗುಣಿತ ತಿದ್ದಿದ ಕೈ ಇದು. ಹೀಗೆ ಕಂಗ್ಲಿಷ್ ಬರೆಯೋಕೆ ನನ್ನಿಂದ ಆಗೋದಿಲ್ಲ. ನಾಳೆಯಿಂದ ಕನ್ನಡದಲ್ಲೇ ಹಾಕ್ತೀನಿ, ನಿನ್ನ ಡಬ್ಬಿಗೆ ಹೇಳಿಡು.”

“ಆಗಲಿ ಸಾರ್, ಎಂಟು ಬಿಟ್ಟೂ ಹೋಗುತ್ತೆ, ತೊಂದರೆ ಇಲ್ಲ” ಅಂದೆ. ಬಿಟ್ ಅಂದರೆ ಒಂದು ಸೊನ್ನೆ ಇಲ್ಲವೇ ಒಂದು, ಎಂಟು ಸೇರಿದರೆ ಒಂದು ಬೈಟ್; ಇಂಗ್ಲಿಷಿಗೆ ಏಳು ಸಾಕು, ಕನ್ನಡಕ್ಕೆ ಎಂಟೂ ಬೇಕು. ನನ್ನ ಕಡೆ ಎಂಟು ಬಿಟ್ ಇಟ್ಟಿದ್ದೆ, ನಿಜ.

ಮರುದಿನ ಪೆಟ್ಟಿಗೆಯಲ್ಲಿ ಕಾಗದವೊಂದಿತ್ತು. ತೆರೆದರೆ ಹೀಗೆ ಶುರು:

`2(`2.`28`3
`2`2>`20.

ಇಂಥದೇ ಇನ್ನೆರಡು ಸಾಲು, ಅಲ್ಲಿಗೆ ಮುಗಿಯಿತು. ನಡುವೆ ಟರ್ಮಿನಲ್ ಒಂದು ಸಲ ಟಿಣ್ ಅಂತು. ಕರೆದು ಕೇಳಿದರೆ ಮೇಷ್ಟ್ರಿಗೆ ಸಿಟ್ಟು. “ಅರ್ಧ ಪುಟ ಬರೆದಿದ್ದೆ ಮಾರಾಯ! ಮೂರನೇ ವಾಕ್ಯಕ್ಕೆ ನಿನ್ನ ಪೆಟ್ಟಿಗೆ ‘ಕಾಗದ ಬಂತು’ ಅಂತ ಬಾಗಿಲು ಹಾಕ್ಕೊಂಡ್ತು. ಆಮೇಲೆ ನಾನು ಏನು ಬರೆದ್ರೂ ‘ಇಂಥ ಆಜ್ಞೆ ಇಲ್ಲ’ ಅಂತ ನನ್ನನ್ನೇ ಗದರಿಸ್ತು.” ಎಲ್ಲಿ ನಿಂತಿತು ಸಾರ್? “ನಮಸ್ಕಾರ. ಇಲ್ಲಿ ಮಳೆ ಜೋರು. ಚಾವಡಿಯ ಹೆಂಚು... ಹೆಂಚಿನವರೆಗೂ ಹೋಗಲೇ ಇಲ್ಲ.”

ಎರಡನೇ ಕಾಗದಕ್ಕೆ ಅವರ ಪರದೆಯೇ ಮರಗಟ್ಟಿತು. ಅದು ‘ಓದಿದೆಯಾ?’ ಎಂದು ಶುರುವಾಗಿತ್ತು. ಮೂರನೆಯದು ‘ಕೃಷ್ಣಾಷ್ಟಮಿಗೆ ಬಾ’. ಅಲ್ಲಿ ‘ಕೃ’ ದಾಟುವಷ್ಟರಲ್ಲಿ ಅವರದೇ ಡಬ್ಬಿ ಕಾಗದ ಬಿಟ್ಟು ಆಜ್ಞೆಯ ಸಾಲಿಗೆ ಬಂದು ನಿಂತಿತಂತೆ, ಮುಂದಿನ ಪ್ರತಿ ಸಾಲಿಗೂ ‘ಎಹ್’ ಎನ್ನುತ್ತಾ.

ಒಂದು ವಾರ ನಾನು ರೇಡಿಯೋದ ಬೆನ್ನು ಬಿದ್ದೆ. ಮಳೆಗೆ ಸಿಗ್ನಲ್ ಸೋರುತ್ತಿದೆ ಎಂದು ಆಂಟೆನಾದ ಕೋಆಕ್ಸ್ ಕನೆಕ್ಟರ್ ಬದಲಾಯಿಸಿದೆ. ಟಿಎಕ್ಸ್‌ಡಿಲೇ 50 ಮಾಡಿದೆ. ಪ್ಯಾಕೆಟ್ ಉದ್ದವನ್ನು 128ರಿಂದ 64 ಬೈಟಿಗೆ ಇಳಿಸಿದೆ. ನನ್ನ ಬೆಸುಗೆಯನ್ನೇ ಎರಡು ಸಲ ಬಿಚ್ಚಿ ಕಟ್ಟಿದೆ. ಕೊನೆಗೆ ಒಂದು ರಾತ್ರಿ ಕರೆಂಟು ಹೋಗಿ ಕತ್ತಲಲ್ಲಿ ಕೂತಿದ್ದಾಗ ತಲೆಗೆ ಹೊಳೆಯಿತು: ಇದು ಗಾಳಿಯಲ್ಲಿ ಕೆಟ್ಟಿರಲು ಸಾಧ್ಯವೇ ಇಲ್ಲ. ಎಎಕ್ಸ್.25ರ ಪ್ರತಿ ಪ್ಯಾಕೆಟ್ಟಿನ ಬಾಲದಲ್ಲಿ 16 ಬಿಟ್‌ನ ಪರೀಕ್ಷಾ ಸಂಖ್ಯೆ ಇರುತ್ತದೆ. ಒಂದು ಬಿಟ್ ಆಚೀಚೆ ಆದರೂ ಪಡೆದ ಡಬ್ಬಿ ಆ ಪ್ಯಾಕೆಟ್ ಬಿಸಾಡಿ, ಇನ್ನೊಮ್ಮೆ ಬರುವವರೆಗೆ ಕಾಯುತ್ತದೆ. ಸಿಗ್ನಲ್ ಕೆಟ್ಟರೆ ಕಾಗದ ತಡವಾಗಬೇಕು ಅಥವಾ ಬರಬಾರದು. ಕಸ ಬಂದಿದೆ ಅಂದರೆ ಆ ಕಸ ಹೊರಟದ್ದೇ ಹಾಗೆ.

ಸೀಮೆಎಣ್ಣೆ ದೀಪದ ಬೆಳಕಲ್ಲಿ ಪೆನ್ನು ಕಾಗದ ಹಿಡಿದೆ. ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮವಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಸ್ವರಚಿಹ್ನೆ ಮೂರು ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಇಲ್ಲವೇ 179, ಮೂರನೆಯದು ಅಕ್ಷರಕ್ಕೆ ತಕ್ಕಂತೆ. ಎಲ್ಲವೂ 128 ಇಲ್ಲವೇ ಅದಕ್ಕಿಂತ ದೊಡ್ಡವು, ಅಂದರೆ ಎಲ್ಲದರಲ್ಲೂ ಎಂಟನೇ ಬಿಟ್ ಇದೆ. ಆ ಬಿಟ್ಟನ್ನು ಯಾರೋ ಕಿತ್ತುಕೊಂಡರೆ ಪ್ರತಿ ಬೈಟಿನಿಂದ 128 ಕಳೆಯುತ್ತದೆ. 224 ಹೋಗಿ 96, ಅದು ` ಚಿಹ್ನೆ. 178 ಹೋಗಿ 50, ಅದು ‘2’ ಅಂಕಿ. 179 ಹೋಗಿ 51, ‘3’. ಪರದೆಯ ಮೇಲಿದ್ದ ರಾಶಿ ರಾಶಿ `2 ಮತ್ತು `3 ಇವೇ! ‘ನ’ದ ಕೊನೆಯ ಬೈಟ್ 168, ಕಳೆದರೆ 40, ಅದು ( ಚಿಹ್ನೆ. ‘ಮ’ 174, ಕಳೆದರೆ 46, ಚುಕ್ಕಿ. ‘ಸ’ 184, ಕಳೆದರೆ 56, ‘8’. ನ, ಮ, ಸ... ಮೇಷ್ಟ್ರ ‘ನಮಸ್ಕಾರ’ ಅಲ್ಲೇ ಕೂತಿತ್ತು, ಎಂಟನೇ ಬಿಟ್ ಒಂದಿಲ್ಲದೆ.

ಹಾಗಾದರೆ ‘ಸ’ ಆದಮೇಲೆ ಸಾಲು ಮುರಿದದ್ದೇಕೆ? ಅಲ್ಲಿ ಬರಬೇಕಾದದ್ದು ಒತ್ತಕ್ಷರ ಕೂಡಿಸುವ ಅರ್ಧಾಕ್ಷರ ಚಿಹ್ನೆ. ಅದರ ಕೊನೆಯ ಬೈಟ್ 141. ಅದರಿಂದ 128 ಕಳೆದರೆ 13, ಎಂಟರ್ ಕೀ! ಟಿಎನ್‌ಸಿ-2ರಲ್ಲಿ ಎಂಟರ್ ಬಂದರೆ ಅಲ್ಲಿಯವರೆಗಿನದನ್ನು ಕಟ್ಟಿ ಕಳಿಸು ಎಂದರ್ಥ. ಅಂದರೆ ಮೇಷ್ಟ್ರು ಒಂದೊಂದು ಒತ್ತಕ್ಷರ ಬರೆದಾಗಲೂ ಅವರ ಟ್ರಾನ್ಸ್‌ಮಿಟರ್ ಒಮ್ಮೆ ಕೆಮ್ಮುತ್ತಿತ್ತು.

ಆಮೇಲೆ ನಿದ್ದೆ ಬರಲಿಲ್ಲ. ವರ್ಣಮಾಲೆ ಪೂರ್ತಿ ಕಳೆದುನೋಡಿದೆ. ‘ಚ’ 154, ಕಳೆದರೆ 26, ಕಂಟ್ರೋಲ್-ಝಡ್, ಕಾಗದ ಮುಗಿಯಿತು. ಚಾವಡಿಯ ಹೆಂಚಿನ ಕತೆ ಅಷ್ಟೇ. ‘ೃ’ ಕಾರ 131, ಕಳೆದರೆ 3, ಕಂಟ್ರೋಲ್-ಸಿ, ಆಜ್ಞೆಯ ಸಾಲಿಗೆ ವಾಪಸ್ ಹೋಗು. ‘ಇ’ ಮತ್ತು ‘ೇ’ 7 ಆಗಿ ಗಂಟೆ ಬಾರಿಸುತ್ತವೆ. ‘ಈ’ ಮತ್ತು ‘ೈ’ 8 ಆಗಿ ಹಿಂದಿನದನ್ನು ಅಳಿಸುತ್ತವೆ. ‘ಘ’ 24 ಆಗುತ್ತದೆ, ಟಿಎನ್‌ಸಿ-2ರಲ್ಲಿ ಇಡೀ ಸಾಲನ್ನೇ ಹೊಡೆದುಹಾಕುವ ಗುರುತು. ‘ಓ’ 147, ಕಳೆದರೆ 19, ಕಂಟ್ರೋಲ್-ಎಸ್, ‘ಪರದೆಗೆ ಏನೂ ಕಳಿಸಬೇಡ, ನಿಲ್ಲು’. ಇದನ್ನು ಬಿಡಿಸಲು 17 ಬೇಕು, ಅಂದರೆ ಮೂಲದಲ್ಲಿ 145. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ‘ಐ’ ಮತ್ತು ‘ಒ’ ನಡುವೆ ಆ ಜಾಗ ಖಾಲಿ ಬಿಟ್ಟಿದ್ದಾರೆ! ಕನ್ನಡದಲ್ಲಿ ಬೀಗ ಹಾಕುವ ಅಕ್ಷರವಿದೆ, ತೆಗೆಯುವ ಅಕ್ಷರವಿಲ್ಲ. ಹಿಂದಿಯವರಿಗೆ ಅದೇ ಜಾಗದಲ್ಲಿ ‘ಆಫೀಸ್’ ಥರದ ಇಂಗ್ಲಿಷ್ ಪದ ಬರೆಯುವ ತೆರೆದ ಸ್ವರವೊಂದಿದೆ, ಅವರು ಆಫೀಸ್ ಅಂದರೆ ಪರದೆ ಬಿಟ್ಟುಕೊಳ್ಳುತ್ತದೆ. ಭಾರತದ ಲಿಪಿಗಳನ್ನೆಲ್ಲ ಯೂನಿಕೋಡಿನವರು ಒಂದೇ ಅಚ್ಚಿನಲ್ಲಿ ಕೂರಿಸಿರುವುದರಿಂದ ತೆಲುಗು, ತಮಿಳು, ಮಲಯಾಳ, ಹಿಂದಿ ಎಲ್ಲದರ ‘ಚ’ಗೂ ಕೊನೆಯ ಬೈಟ್ 154. ಕಾಗದ ನುಂಗುವುದರಲ್ಲಿ ಡಬ್ಬಿಗೆ ಭಾಷಾಭೇದವಿಲ್ಲ.

ಡಬ್ಬಿಯನ್ನು ಬೈಯುವಂತೆಯೂ ಇಲ್ಲ. ವಿನ್ಯಾಸ 1985ರದ್ದು, ಕನ್ನಡ ಸೇರಿದ ಮೊದಲ ಯೂನಿಕೋಡ್ ಬಂದದ್ದು 1991ರಲ್ಲಿ, ಯುಟಿಎಫ್-8 ಮರುವರ್ಷ. ಇಂಗ್ಲಿಷಿಗೆ ಏಳು ಬಿಟ್ ಧಾರಾಳ. ಎಂಟನೆಯದು ತಪ್ಪು ಹಿಡಿಯುವ ಪ್ಯಾರಿಟಿಗೆಂದು ಮೀಸಲು. ಟಿಎನ್‌ಸಿ-2 ಹುಟ್ಟಿನಿಂದಲೇ ಏಳು ಬಿಟ್, ಸಮ ಪ್ಯಾರಿಟಿ. ಮೇಷ್ಟ್ರು ತಮ್ಮ ಹಳೇ ಟಿಪ್ಪಣಿ ಪುಸ್ತಕ ನೋಡಿ ಲ್ಯಾಪ್‌ಟಾಪ್ ಅನ್ನೂ ಹಾಗೇ ಇಟ್ಟುಕೊಂಡಿದ್ದರು. ಎಂಟನೇ ಬಿಟ್ ಅವರ ಮೇಜು ದಾಟಿರಲೇ ಇಲ್ಲ.

ಬೆಳಗ್ಗೆ ರೇಡಿಯೋದಲ್ಲಿ ಕರೆದು ಒಂದೊಂದೇ ಹೇಳಿಸಿದೆ. ಎಡಬ್ಲ್ಯೂಲೆನ್ 8, ಅಂದರೆ ಅಕ್ಷರಕ್ಕೆ ಎಂಟು ಬಿಟ್. ಪ್ಯಾರಿಟಿ 0, ಅಂದರೆ ಪ್ಯಾರಿಟಿ ಬೇಡ. ಇವು ಜಾರಿಗೆ ಬರಲು ರೀಸ್ಟಾರ್ಟ್ ಕೊಡಬೇಕು. ಇಲ್ಲಿ ಒಂದು ಅವಘಡ: ಮೇಷ್ಟ್ರು ರೀಸೆಟ್ ಕೊಟ್ಟರು. ಹೆಸರು ಅಕ್ಕತಂಗಿಯರಂತಿದ್ದರೂ ರೀಸ್ಟಾರ್ಟ್ ಅಂದರೆ ಎಬ್ಬಿಸುವುದು, ರೀಸೆಟ್ ಅಂದರೆ ಎಲ್ಲ ಮರೆಸುವುದು, ಕರೆಸಂಕೇತವೂ ಹೋಯಿತು. ನೀನೇ ರೀಸೆಟ್ ಅಂದೆ ಎಂದು ಅವರು ಈಗಲೂ ಹೇಳುತ್ತಾರೆ. ಮೊದಲಿಂದ ಶುರು ಮಾಡಿದೆವು. ಈ ಸಲ ರೀಸ್ಟಾರ್ಟ್, ಲ್ಯಾಪ್‌ಟಾಪಿನಲ್ಲೂ ಎಂಟು ಬಿಟ್, ಪ್ಯಾರಿಟಿ ಇಲ್ಲ. ಕಾಗದ ಕಳಿಸಿದರೆ ಮತ್ತೆ `2(`2. ಅಂತಲೇ ಬಂತು.

ಬಿಟ್ ಕೀಳುವವರು ಇಬ್ಬರಿದ್ದರು. ತಂತಿಯ ಮೇಲೆ ಎಂಟು ಬಿಟ್ ಬಂದರೂ, ಮಾತುಕತೆಯ ಸ್ಥಿತಿಯಲ್ಲಿ ಎಂಟನೆಯದನ್ನು ಡಬ್ಬಿ ತಾನೇ ಕತ್ತರಿಸುತ್ತದೆ, 8ಬಿಟ್‌ಕಾನ್ವ್ ಎಂಬುದನ್ನು ಆನ್ ಮಾಡದಿದ್ದರೆ. ಹುಟ್ಟಿನಿಂದ ಅದು ಆಫ್. ಆನ್ ಮಾಡಿದರು. ಹತ್ತೂವರೆಗೆ ನನ್ನ ಪರದೆಯ ಮೇಲೆ ಬಂತು: ‘ನಮಸ್ಕಾರ. ಇಲ್ಲಿ ಮಳೆ ಜೋರು. ಚಾವಡಿಯ ಹೆಂಚು ಎರಡು ಹಾರಿ ಸೌದೆ ಕೊಟ್ಟಿಗೆಯ ಮೇಲೆ ಬಿದ್ದಿವೆ.’ ಒಂದು ಒತ್ತೂ ಕಳಚಿರಲಿಲ್ಲ.

ಎರಡು ವಾರ ಸುಖವಾಗಿ ನಡೆಯಿತು. ಆಮೇಲೊಂದು ರಾತ್ರಿ ಗುಡುಗು ಮಿಂಚು. ಇಂಥ ಹೊತ್ತಲ್ಲಿ ಮಲೆನಾಡಿನ ಎಲ್ಲರೂ ಮಾಡುವಂತೆ ಮೇಷ್ಟ್ರು ಮನೆಯ ಪ್ಲಗ್ಗೆಲ್ಲ ಕಿತ್ತರು, ಆಂಟೆನಾ ತಂತಿ ಬಿಚ್ಚಿ ಕಿಟಕಿಯಾಚೆ ಹಾಕಿದರು. ಬೆಳಗ್ಗೆ ಕರೆ: “ಮಾರಾಯ, ನನ್ನ ಪರದೆಯಲ್ಲಿ ಅರ್ಧ ಅಕ್ಷರ ಸರಿ, ಅರ್ಧ ಪ್ರಶ್ನೆ ಚಿಹ್ನೆ. ‘ಸಿಎಂಡಿ’ ಅಂತ ಬರ್ತಿತ್ತಲ್ಲ, ಅದರಲ್ಲಿ ಸಿ ಇದೆ, ಎಂ ಮತ್ತು ಡಿ ಇಲ್ಲ.”

ಇಷ್ಟು ಹೇಳಿದರೆ ಸಾಕಿತ್ತು. ಅವರ ಡಬ್ಬಿ ಮತ್ತೆ ಏಳು ಬಿಟ್, ಸಮ ಪ್ಯಾರಿಟಿಗೆ ಬಿದ್ದಿದೆ, ಲ್ಯಾಪ್‌ಟಾಪ್ ಎಂಟರಲ್ಲೇ ಇದೆ. ಸಮ ಪ್ಯಾರಿಟಿ ಅಂದರೆ ಅಕ್ಷರದಲ್ಲಿರುವ ಒಂದುಗಳ ಎಣಿಕೆ ಬೆಸವಾದರೆ ಎಂಟನೇ ಬಿಟ್ಟಿಗೆ ಇನ್ನೊಂದು ಸೇರಿಸಿ ಸರಿಸಂಖ್ಯೆ ಮಾಡುವುದು. ಚಿಕ್ಕ ‘ಸಿ’ ಅಕ್ಷರದಲ್ಲಿ ನಾಲ್ಕು ಒಂದುಗಳು, ಹಾಗಾಗಿ ಉಳಿಯಿತು. ‘ಎಂ’ನಲ್ಲಿ ಐದು, ‘ಡಿ’ಯಲ್ಲಿ ಮೂರು, ಎರಡಕ್ಕೂ ಎಂಟನೇ ಬಿಟ್ ಹತ್ತಿ ಲ್ಯಾಪ್‌ಟಾಪಿಗೆ ಅರ್ಥವಾಗದೆ ಹೋಯಿತು.

ಒಂದೇ ಗೋಣಿಚೀಲದಲ್ಲಿ ಒಂದೇ ಕಾಲ ಮಲಗಿದ್ದ ಎರಡು ಡಬ್ಬಿಗಳಲ್ಲಿ ನಾನು ಸೆಲ್ ಬದಲಾಯಿಸಿದ್ದು ನನ್ನದಕ್ಕೆ ಮಾತ್ರ! ಮೇಷ್ಟ್ರದ್ದು ಇನ್ವರ್ಟರಿನ ಮೇಲೆ ಎರಡು ವಾರ ಒಂದು ಕ್ಷಣವೂ ಆಫ್ ಆಗಿರಲಿಲ್ಲ, ಅದಕ್ಕೇ ಗೊತ್ತಾಗಲಿಲ್ಲ. ಭಾನುವಾರ ಬಸ್ಸಿನಲ್ಲಿ ಹೋದೆ, ಜೇಬಲ್ಲಿ ಸಿಆರ್2032 ಮತ್ತು ಗೂಡು. ಒಳಗಿನ ಸೆಲ್ 0.3 ವೋಲ್ಟ್. ಬದಲಾಯಿಸಿ, ಬೆಲೆಗಳನ್ನೆಲ್ಲ ಮತ್ತೆ ಹಾಕಿ, ಪ್ಲಗ್ ಕಿತ್ತು, ಅತ್ತಿಗೆ ಕೊಟ್ಟ ಕಾಫಿ ಕುಡಿದು ಮುಗಿಸಿ, ಪ್ಲಗ್ ಹಾಕಿದೆ. ಡೀಫಾಲ್ಟ್ಸ್ ಸಾಲು ಬರಲಿಲ್ಲ.

ಕಾಫಿಯ ಹೊತ್ತಿನಲ್ಲೇ ಮೇಷ್ಟ್ರು ಒಂದು ಪರೀಕ್ಷಾ ವಾಕ್ಯ ಕಟ್ಟಿಕೊಟ್ಟರು. ನನ್ನ ಪಟ್ಟಿಯ ತರಲೆ ಅಕ್ಷರಗಳಲ್ಲಿ ಮುಖ್ಯವಾದವೆಲ್ಲ ಅದರಲ್ಲಿವೆ: ‘ಓಹೋ, ಈ ಚಳಿಯಲ್ಲಿ ಖಾರ ಮುಗಿದು ಘೃತ ಉಳಿದಿದೆ.’ ಕರೆಂಟು ಹೋಗಿಬಂದಾಗಲೆಲ್ಲ ಮೊದಲು ಇದನ್ನು ಕಳಿಸುತ್ತೇವೆ. ಇಡಿಯಾಗಿ ಬಂದರೆ ಕಾಗದ ಬರೆಯಬಹುದು. ಹಳೇ ಟಿಎನ್‌ಸಿಯಲ್ಲಿ ಕನ್ನಡ ಕಳಿಸಲು ಹೊರಟವರು ಮೊದಲ ದಿನವೇ ಈ ಸಾಲು ಹಾಕಿ ನೋಡಿ. ಫರ್ಮ್‌ವೇರ್ ಬೇರೆಯಾದರೆ ಬಿಟ್ ಕೀಳುವ ಜಾಗವೂ ಬೇರೆ ಇರಬಹುದು.

ಉಳಿದ ತೊಂದರೆ ಜಾಗದ್ದು. ಪೆಟ್ಟಿಗೆಗೆ 10 ಕಿಲೋಬೈಟ್ ಕೊಟ್ಟಿದ್ದೇನೆ. ಇಂಗ್ಲಿಷಿನಲ್ಲಾದರೆ ಹತ್ತು ಸಾವಿರ ಅಕ್ಷರ; ಕನ್ನಡದಲ್ಲಿ ಚಿಹ್ನೆ, ಒತ್ತು ಎಲ್ಲ ಎಣಿಸಿ 3,400 ಚಿಲ್ಲರೆ. ‘ನಮಸ್ಕಾರ’ ಒಂದಕ್ಕೇ 21 ಬೈಟ್. ಮೇಷ್ಟ್ರ ಮೊನ್ನೆಯ ಕಾಗದ, ಚಾವಡಿಗೆ ಹೊಸ ಹೆಂಚು ಹೊದೆಸಿದ ವೃತ್ತಾಂತ, 4 ಕಿಲೋಬೈಟ್ ದಾಟಿದೆ. ಅದನ್ನು ಅಳಿಸಲು ಅವರು ಬಿಡುತ್ತಿಲ್ಲ. ಲ್ಯಾಪ್‌ಟಾಪಿಗೆ ಇಳಿಸಿಟ್ಟುಕೊಂಡಿದ್ದೇನೆ ಸಾರ್ ಅಂದರೆ, “ಪೆಟ್ಟಿಗೇಲಿ ಇರೋದೇ ಕಾಗದ, ನಿನ್ನ ಲ್ಯಾಪ್‌ಟಾಪಲ್ಲಿರೋದು ನಕಲು” ಅನ್ನುತ್ತಾರೆ. ಸದ್ಯ ಉಳಿದಿರುವ ಜಾಗ ಎರಡು ಕಿಲೋಬೈಟಿಗೂ ಕಡಿಮೆ, ಶುಕ್ರವಾರ ಅವರ ಮುಂದಿನ ಕಾಗದ ಬರುತ್ತದೆ.